ಕೆಂಪು ಚುಕ್ಕಿ ಬೀಳದ ತಿಂಗಳುಗಳು

ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಗೊತ್ತಿರುವ ಮೂರು ಬಗೆಯ ಗುರುತುಗಳಿವೆ. ಎಮ್ಮೆ ಬೆದೆಗೆ ಬಂದ ದಿನಕ್ಕೆ ನೀಲಿ ಗೆರೆ. ನಾನು ಹೊರಗಾದ ದಿನಕ್ಕೆ ಕೆಂಪು ಚುಕ್ಕಿ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹೊರಗಾದ ದಿನಕ್ಕೆ ಕೆಂಪು ಚುಕ್ಕಿ, ಅದರ ಸುತ್ತ ಒಂದು ಸುತ್ತು. ಬಂದವರು ನೋಡಿಯಾರು ಎಂಬ ನಾಚಿಕೆ ನಮ್ಮಲ್ಲಿ ಯಾರಿಗೂ ಇಲ್ಲ. ಹೊರಗಾದವಳು ಮೂರು ದಿನ ದೇವರ ಜಗಲಿ ಮುಟ್ಟುವಂತಿಲ್ಲ, ಎಮ್ಮೆ ಹಿಂಡುವಂತಿಲ್ಲ. ಯಾರ ಪಾಳಿ ಯಾವಾಗ ಬರುತ್ತದೆ ಎಂಬುದು ಅತ್ತೆಗೆ ಮುಂಚೆಯೇ ತಿಳಿದಿರಬೇಕು. ಆಕೆಗೆ ಓದು ಬರುವುದಿಲ್ಲ, ಚುಕ್ಕಿ ಎಣಿಸಲು ಬರುತ್ತದೆ.

ಗುರುತು ಹಾಕುವವಳು ನಾನು. ಪೆನ್ನನ್ನು ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದೇನೆ. ಹಳೆಯ ವರ್ಷದ ಕ್ಯಾಲೆಂಡರನ್ನು ಎಸೆಯುವುದಿಲ್ಲ. ಹೊಸದನ್ನು ಅದರ ಮೇಲೆಯೇ ತೂಗುಹಾಕುತ್ತೇನೆ. ಈಗ ಒಂದೇ ಮೊಳೆಗೆ ನಾಲ್ಕು ವರ್ಷ ಜೋತು ಬಿದ್ದಿವೆ.

ನಮ್ಮದು ಸತ್ತಿ. ಹೊಳೆಯ ದಂಡೆಯ ಊರು, ಮನೆಯ ಹಿತ್ತಿಲು ದಾಟಿದರೆ ಕಬ್ಬು. ನೆಗೆಣ್ಣಿ ಹೊಳೆಯಾಚೆಯ ಹಾರೂಗೇರಿಯವಳು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಮದುವೆಯಾಗಿ ಮೂರನೆಯ ವರ್ಷ ಅವಳಿಗೆ ಬಾವಿಯ ಮೋಟಾರಿನ ಸದ್ದಿನೊಳಗಿಂದ ಮಾತು ಕೇಳಿಸತೊಡಗಿತು. ಮೋಟಾರು ನಿಂತ ಮೇಲೂ ಮಾತು ನಿಲ್ಲುತ್ತಿರಲಿಲ್ಲ. ಉಪ್ಪು, ನಿಂಬೆಹಣ್ಣು, ತಾಯಿತ ಎಲ್ಲ ಆದ ಮೇಲೆ ಮೈದುನ ಅವಳನ್ನು ಅಥಣಿಯ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದ. ಜೊತೆಗೆ ಹೆಂಗಸು ಬೇಕೆಂದು ನನ್ನನ್ನೂ ಕರೆದ. ಡಾಕ್ಟರಮ್ಮ ಸ್ಕಿಜೋಫ್ರೇನಿಯಾ ಎಂದರು. ಇದು ಯಾರದೂ ಮಾಟವಲ್ಲ, ಅವಳ ಸೊಕ್ಕೂ ಅಲ್ಲ, ಮೆದುಳಿನ ಬೇನೆ ಎಂದರು. ಗುಳಿಗೆ ಬರೆದರು. ಗುಳಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಅದರಲ್ಲಿ ನನಗೆ ಹೆಮ್ಮೆಯಿತ್ತು. ಆದರೆ ಅದೇ ವರ್ಷ ನನ್ನೊಳಗೆ ಬೇರೊಂದೂ ಮೊಳೆಯಿತು. ಗುಳಿಗೆಯಿಂದ ಮೊದಮೊದಲು ಅವಳ ಕೈ ನಡುಗುತ್ತಿತ್ತು, ಹೆರಳು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಮೈದುನ ಮುಂಜಾನೆ ಹೊಲಕ್ಕೆ ಹೋಗುವ ಮುಂಚೆ ಪಡಸಾಲೆಯಲ್ಲಿ ಕೂತು ಅವಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದ. ಗಂಡಸು, ಹಗಲು ಹೊತ್ತು, ಎಲ್ಲರಿಗೂ ಕಾಣುವ ಹಾಗೆ! ಆಗ ನನಗೆ ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು. ನಮ್ಮ ಮನೆಯವರು ನನ್ನ ಕೂದಲಿನ ಬಣ್ಣ ಯಾವಾಗ ಬದಲಾಯಿತು ಎಂದು ಕೇಳಿದರೆ ಹೇಳಲಾರರು. ನನಗೆ ಮಕ್ಕಳಾಗಲಿಲ್ಲ. ಬೇನೆಯೂ ಬರಲಿಲ್ಲ. ಬೇನೆ ಬಾರದವಳನ್ನು ಯಾರು ಕೇಳುತ್ತಾರೆ? ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಬಾಚಣಿಗೆಯ ಸಪ್ಪಳ ಕೇಳುತ್ತಿದ್ದೆ. ಅಂದಿನ ರೊಟ್ಟಿಗಳು ತೆಳ್ಳಗೆ ಬಂದು ಹರಿಯುತ್ತಿದ್ದವು.

ಕೈನಡುಕ ಕಡಿಮೆಯಾಯಿತು, ಮಾತು ಕೇಳುವುದೂ ಕಡಿಮೆಯಾಯಿತು. ಅವಳು ಮತ್ತೆ ಎಮ್ಮೆ ಹಿಂಡಲು ಕೂತಳು. ಬಾಚುವುದು ಮಾತ್ರ ನಿಲ್ಲಲಿಲ್ಲ.

ಕಳೆದ ಚಳಿಗಾಲಕ್ಕೆ ಮುಂಚೆ ಗುಳಿಗೆ ಬದಲಾಯಿತು. ಬರೆದುಕೊಡುವಾಗ ಮೈದುನ ಗಾಡಿ ನೋಡಲು ಹೊರಗೆ ಹೋಗಿದ್ದ. ಡಾಕ್ಟರಮ್ಮ ನನ್ನ ಕಡೆ ತಿರುಗಿ ಹೇಳಿದ್ದರು:

"ಅಕ್ಕಾರ, ಈ ಗುಳಿಗಿಗೆ ಕೆಲವರಿಗಿ ಮುಟ್ಟು ನಿಂದರತೈತಿ. ಎದಿಯೊಳಗ ಹಾಲೂ ಬರಬಹುದು. ಹಂಗೇನರ ಆದ್ರ ಗುಳಿಗಿ ನಿಲ್ಲಿಸಬ್ಯಾಡ್ರಿ, ನನಗ ತಿಳಸ್ರಿ."

ಮನೆಗೆ ಬಂದು ಕ್ಯಾಲೆಂಡರಿನ ಆ ತಿಂಗಳ ಹಾಳೆಯ ಹಿಂದೆ ಅದನ್ನು ಬರೆದಿಟ್ಟೆ. ಮರೆತಿದ್ದೆ ಎಂದು ಈಗ ಹೇಳಿದರೆ ನನ್ನನ್ನು ಯಾರೂ ಹಿಡಿಯಲಾರರು. ಮರೆತಿರಲಿಲ್ಲ.

ಆಮೇಲೆ ಮೂರು ತಿಂಗಳು ಸುತ್ತು ಹಾಕಿದ ಚುಕ್ಕಿ ಬೀಳಲಿಲ್ಲ. ಅದೇ ಮೂರು ತಿಂಗಳು ನನ್ನ ಬರಿಯ ಚುಕ್ಕಿಯೂ ಬೀಳಲಿಲ್ಲ. ನನಗೆ ನಲವತ್ತಾರು. ಅತ್ತೆ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ನೋಡಿದರು.

"ನಿಂದ ಮುಗೀತು ಬಿಡವಾ. ಚಲೋನ ಆತು, ಇನ್ನ ತಿಂಗಳೆಲ್ಲಾ ದೇವರ ಕೆಲಸಾ ನಿನಗ ಬಿಡಬಹುದು," ಎಂದರು. ನೆಗೆಣ್ಣಿಯ ಖಾಲಿ ಜಾಗದ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

ಒಂದು ರವಿವಾರ ಅತ್ತೆ ಅವಳಿಗೆ ತಲೆ ಎರೆಯುತ್ತಿದ್ದರು. ನಾನು ಹಂಡೆಯಿಂದ ಬಿಸಿನೀರು ತಂದುಕೊಡುತ್ತಿದ್ದೆ. ಅತ್ತೆ ತಂಬಿಗೆಯನ್ನು ಕೈಬಿಟ್ಟರು.

"ಯವ್ವಾ! ಹಾಲ ಇಳದಾವಲ್ಲಬೇ!"

ನೆಗೆಣ್ಣಿ ಕುಪ್ಪಸವನ್ನು ಎದೆಗೆ ಅವಚಿಕೊಂಡು ನಮ್ಮಿಬ್ಬರನ್ನೂ ನೋಡಿದಳು. ಅವಳ ಬೆರಳ ಸಂದಿಯಲ್ಲಿ ಬಿಳಿ ಹನಿಯಿತ್ತು. ಒಂದೇ ಹನಿ. ನಾನು ನೋಡಿದೆ. ನಲವತ್ತಾರು ವರ್ಷ ನನ್ನ ಮೈ ನನಗೆ ಕೊಡದಿದ್ದದ್ದನ್ನು ಅವಳ ಮೈ ಕೇಳದೆಯೇ ಕೊಟ್ಟಿತ್ತು. ಬಿಸಿನೀರಿನ ಕೊಡ ನನ್ನ ಕಾಲ ಮೇಲೆ ತುಳುಕಿದ್ದು ಸಂಜೆ ಬೊಬ್ಬೆ ಎದ್ದ ಮೇಲೆ ತಿಳಿಯಿತು.

"ಮೂರ ತಿಂಗಳಿಗೇ ಹಾಲು ಬರತಾವೇನ್ರಿ ಅತ್ತಿ?" ಎಂದೆ.

"ಯಾಕ ಬರಬಾರದು? ನಮ್ಮ ಕೊಂಬು ಮುರದ ಎಮ್ಮಿ ಈಯೂಕಿಂತ ತಿಂಗಳ ಮುಂಚೇನ ಕೆಚ್ಚಲ ಬಿಟ್ಟಿತ್ತಿಲ್ಲ? ಹೊಟ್ಯಾಗ ಕರು ಇಲ್ಲದ ಹಾಲು ಎಲ್ಲಿಂದ ಬರಬೇಕಲೇ!"

ಎಮ್ಮೆಗಳ ನಡುವೆಯೇ ಬದುಕಿದ ಮನೆ ನಮ್ಮದು. ಆ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ಹಾಲೆಂದರೆ ಕರು, ಅಷ್ಟೇ. ಮೈದುನ ಹೊಲದಿಂದ ಬಂದವನು ಸುದ್ದಿ ಕೇಳಿ ಬಾಯಿ ಮುಚ್ಚಿಕೊಂಡು ನಕ್ಕ, ಆಮೇಲೆ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಕೈಕಾಲು ತೊಳೆದುಕೊಂಡ. ಅತ್ತೆ ಅವತ್ತೇ ಕಳ್ಳ ಕುಬಸದ ದಿನ ಗೊತ್ತು ಮಾಡಿದರು. ಎಲ್ಲರನ್ನೂ ಕರೆದು ಮಾಡುವ ದೊಡ್ಡ ಕುಬಸಕ್ಕೆ ಮೊದಲು, ಹೊರಗಿನವರ ಕಣ್ಣು ಬೀಳದಂತೆ, ಮನೆಯ ಹೆಂಗಸರಷ್ಟೇ ಸೇರಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಪದ್ಧತಿ ಅದು. ಇನ್ನು ಹನ್ನೆರಡು ದಿನಕ್ಕೆ, ಮುಂದಿನ ವಾರದ ಶುಕ್ರವಾರ ಆಗಬಹುದು ಎಂದಾಯಿತು.

"ಮತ್ತ ಆ ಗುಳಿಗಿ ಬಂದ ಮಾಡು. ಕೂಸಿಗಿ ತ್ರಾಸ ಆಕ್ಕೈತಿ," ಎಂದರು ಅತ್ತೆ.

"ಡಾಕ್ಟರಿಗೆ ಒಂದ ಮಾತು ಕೇಳೂಣೇನ್ರಿ..."

"ನಿನಗ್ಯಾಕಷ್ಟು ಉರಿ? ನಿನ್ನ ಚುಕ್ಕಿ ನಿಂತ್ರ ಮುಗೀತು ಅಂದೆ, ಅಕಿದು ನಿಂತ್ರ ಬಸುರು ಅಂದೆ, ಅದಕ್ಕ ಹೊಟ್ಟಿ ಉರದೇನು?"

ಉರಿದಿತ್ತು. ಗುಳಿಗೆಯ ಡಬ್ಬಿಯನ್ನು ನಾನೇ ಗೋಡೆಯ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ ಇಟ್ಟೆ.

ಸೋಮವಾರ ಮುಂಜಾನೆ ನನ್ನ ಟ್ರಂಕು ತೆರೆದೆ. ಬಸಿರು ನೋಡುವ ಪಟ್ಟಿ ಒಂದಿತ್ತು. ಚುಕ್ಕಿ ಮೊದಲ ಸಲ ತಪ್ಪಿದಾಗ, ಈ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಅಥಣಿಯಿಂದ ತಂದಿದ್ದೆ. ಆಗ ಎರಡು ತಂದಿದ್ದೆ. ಒಂದನ್ನು ಬಳಸಿದ್ದೆ. ಅದರ ಬಗ್ಗೆ ಇಷ್ಟು ಸಾಕು. ಉಳಿದದ್ದನ್ನು ನೆಗೆಣ್ಣಿಗೆ ಕೊಟ್ಟು ಹೇಗೆಂದು ಹೇಳಿದೆ. ಅವಳು ಎಳೆ ಹುಡುಗಿಯ ಹಾಗೆ ಹೇಳಿದಂತೆ ಮಾಡಿ, ಅದನ್ನು ನೋಡದೆಯೇ ನನ್ನ ಕೈಗೆ ಕೊಟ್ಟು ಹೋದಳು.

ಒಂದೇ ಗೆರೆ. ಬಸಿರಿದ್ದರೆ ಎರಡು ಬರಬೇಕಿತ್ತು.

ಹಳೆಯ ಕ್ಯಾಲೆಂಡರಿನ ಹಾಳೆಯೊಳಗೆ, ಡಾಕ್ಟರಮ್ಮನ ಮಾತು ಬರೆದಿಟ್ಟ ಜಾಗದಲ್ಲೇ, ಆ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಸಿಕ್ಕಿಸಿದೆ. ಹೇಳಿದರೆ ಬಂಜೆಯ ಹೊಟ್ಟೆಕಿಚ್ಚು ಅನ್ನುತ್ತಾರೆ ಎಂದು ಸುಮ್ಮನಾದೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ ಅದು. ಉಳಿದರ್ಧ ಇಷ್ಟು: ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ಮೇಲೆ ಎಲ್ಲವೂ ಸುಳ್ಳೆಂದು ತಿಳಿಯಲಿ, ಖಾಲಿ ಎಂದರೆ ಹೇಗಿರುತ್ತದೆ ಎಂದು ಈ ಮನೆಯಲ್ಲಿ ಇನ್ನೊಬ್ಬಳಿಗೂ ಗೊತ್ತಾಗಲಿ ಎಂದು ನಾನು ಕಾಯುತ್ತಿದ್ದೆ.

ಕಾಯುವುದು ನನಗೆ ಬರುತ್ತದೆ. ದಿನಾ ಅವಳನ್ನು ನೋಡುತ್ತಿದ್ದೆ. ಮೂರನೆಯ ದಿನ ನಿದ್ದೆ ಕಡಿಮೆಯಾಯಿತು. ಐದನೆಯ ದಿನ ಚಹಾ ಸೋಸುತ್ತ ಯಾರಿಗೋ "ಹೂಂ, ಹೂಂ" ಎಂದಳು. ಏಳನೆಯ ದಿನ ಎಮ್ಮೆಯ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಅತ್ತೆ, "ಬಸುರೀಗಿ ಹಿಂಗ ಆಕ್ಕೈತಿ," ಎಂದರು. ನಾನು ಆ ದಿನಗಳ ಮೂಲೆಯಲ್ಲಿ ಸಣ್ಣದಾಗಿ 'ಮಾ' ಎಂದು ಬರೆದೆ. ಅವಳು ಒಬ್ಬಳೇ ಮಾತಾಡಿದ ದಿನಗಳಿಗೆ ನಾನು ಮೊದಲಿನಿಂದಲೂ ನನಗಷ್ಟೇ ತಿಳಿಯುವಂತೆ ಹಾಕುತ್ತಿದ್ದ ಗುರುತು ಅದು. ಬರೆದೆ. ಬಾಯಿ ತೆರೆಯಲಿಲ್ಲ.

ಕುಬಸದ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ಬಳೆಗಾರತಿ ಬಂದು ಪಡಸಾಲೆಯಲ್ಲಿ ಹಸಿರು ಬಳೆ ಹರಡಿದ್ದಳು. ಅಳತೆಗೆಂದು ಅತ್ತೆ ನೆಗೆಣ್ಣಿಯನ್ನು ಕೂಗಿದರು. ಅವಳು ಹಿತ್ತಿಲಲ್ಲಿ ನನ್ನ ಎದುರು ಕಾಳು ಹಸನು ಮಾಡುತ್ತಿದ್ದಳು. ಏಳದೆ ನನ್ನನ್ನು ಕೇಳಿದಳು:

"ಅಕ್ಕಾ, ಕಬ್ಬಿನ್ಯಾಗ ಕೂಸು ಅಳಾಕತ್ತೈತಿ. ನಿನಗ ಕೇಳತೈತಿಲ್ಲ?"

"ಗ್ಯಾಂಗಿನವರದ ಇರಬೇಕು," ಎಂದೆ, ತಲೆ ಎತ್ತದೆ. ಕಬ್ಬು ಕಡಿಯಲು ಗಡಿಯಾಚೆಯ ಬೀಡ ಜಿಲ್ಲೆಯ ಕಡೆಯಿಂದ ಬರುವ ಗ್ಯಾಂಗಿನ ಹೆಂಗಸರು ಹೊಲದ ಬದುವಿನಲ್ಲಿ ಸೀರೆಯ ಜೋಳಿಗೆ ಕಟ್ಟಿ ಕೂಸು ಮಲಗಿಸುತ್ತಾರೆ. ಹಂಗಾಮಿನಲ್ಲಿ ಕಬ್ಬಿನೊಳಗಿಂದ ಕೂಸಿನ ಅಳು ಕೇಳುವುದು ನಮಗೆ ಹೊಸದಲ್ಲ.

ಅತ್ತೆ ಮತ್ತೆ ಕೂಗಿದರು. ನಾನು ಕೇರಿದ ಕಾಳನ್ನು ಒಳಗಿಟ್ಟು ಬಂದೆ. ಮೊರ ಅಲ್ಲೇ ಇತ್ತು, ಅವಳಿರಲಿಲ್ಲ. ಆಗ ನೆನಪಾಯಿತು: ಗ್ಯಾಂಗು ಟ್ರ್ಯಾಕ್ಟರು ಏರಿ ಉಗಾರದ ಕಡೆ ಹೋಗಿ ನಾಲ್ಕು ದಿನವಾಗಿತ್ತು.

ನಮ್ಮ ಹೊಲ ಕಡಿದಿತ್ತು, ಬಟಾಬಯಲು. ಪಕ್ಕದವರ ಕಬ್ಬು ಇನ್ನೂ ನಿಂತಿತ್ತು, ಹೊಳೆಯ ತನಕ. ಒಂದು ಸಾಲಿನ ಬಾಯಲ್ಲಿ ಅವಳ ಚಪ್ಪಲಿ ಸಿಕ್ಕಿತು. ಒಳಗೆ ನುಗ್ಗಿದೆ. ಕಬ್ಬಿನ ರವದಿಯ ಒಣ ಗರಿ ಮುಖ, ಕೈ ಎಲ್ಲ ಕೊಯ್ಯುತ್ತಿತ್ತು. ಇನ್ನೂ ಮುಂದೆ ಹೋದರೆ ಹೊಳೆ. "ತಂಗೀ! ತಂಗೀ!" ಎಂದು ಕೂಗುತ್ತ ಹೋದೆ.

ನೀರಿನ ತೇವ ಕಾಲಿಗೆ ತಾಗುವಷ್ಟು ದೂರದಲ್ಲಿ ಕೂತಿದ್ದಳು. ತೋಳೆಲ್ಲ ಗೀರು. ಕುಪ್ಪಸದ ಎರಡೂ ಕಡೆ ಹಾಲು ನೆನೆದು ಸೆರಗಿಗೆ ಅಂಟಿತ್ತು. ಸೆರಗನ್ನು ಮಡಿಚಿ ಮಡಿಲಲ್ಲಿ ಹಿಡಿದಿದ್ದಳು.

"ಶ್! ಈಗ ಸುಮ್ಮ ಆಗೈತಿ," ಎಂದಳು. "ನೀ ಎತಗೋ ಅಕ್ಕಾ. ನನ್ನ ಕೈ ನಡಗಾಕತ್ತಾವು, ಬಿದ್ದೀತು."

ಎರಡೂ ಕೈ ಚಾಚಿದಳು. ನಾನೂ ಚಾಚಿದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಬಹಳ ನಾಜೂಕಾಗಿ, ಕುತ್ತಿಗೆಗೆ ಆಸರೆ ಕೊಟ್ಟು, ನನ್ನ ಕೈಗೆ ಕೊಟ್ಟಳು. ಕೈಯಲ್ಲಿ ಏನೂ ಇರಲಿಲ್ಲ. ಆದರೆ ಅವಳ ಕಣ್ಣು ನನ್ನ ತೋಳಿನ ಮೇಲೆಯೇ ಇತ್ತು, ಅವಳಿಗೆ ಕಾಣುತ್ತಿತ್ತು. ಆ ಗಳಿಗೆಯಲ್ಲೂ, ಅವಳ ಮೈಯೆಲ್ಲ ರಕ್ತದ ಗೀರಿರುವಾಗಲೂ, ನನಗೆ ಆದದ್ದು ಹೊಟ್ಟೆಕಿಚ್ಚು. ಇವಳಿಗಾದರೂ ಕಾಣುತ್ತದಲ್ಲ ಎಂದು.

ಆಮೇಲೆ ಅವಳ ಹಲ್ಲು ಕಟಕಟ ಅನ್ನುವುದು ಕೇಳಿಸಿತು. ಆಗ ಹೆದರಿಕೆಯಾಯಿತು.

ಎಬ್ಬಿಸಿಕೊಂಡು ಬಂದೆ. ಅವಳು ದಾರಿಯುದ್ದಕ್ಕೂ ನನ್ನ ತೋಳನ್ನೇ ನೋಡುತ್ತ ಬಂದಳು. ಅದಕ್ಕೇ ನಾನೂ ತೋಳನ್ನು ಹಾಗೇ ಮಡಿಚಿಕೊಂಡೇ ನಡೆದೆ. ಪಡಸಾಲೆಯಲ್ಲಿ ಬಳೆಗಾರತಿ, ಅತ್ತೆ, ಆಗಷ್ಟೇ ಬಂದ ಮೈದುನ ಎದ್ದು ನಿಂತರು.

"ಏನಾತಲೇ? ಎಲ್ಲಿಗಿ ಹೋಗಿತ್ತು ಇದು? ಬಸುರಿ ಹೆಂಗಸು..." ಅತ್ತೆ ಶುರು ಮಾಡಿದರು.

"ಬಸುರಿ ಅಲ್ರಿ ಅಕಿ."

"ಶುರು ಆತ ನೋಡು ಇಕಿದು! ನಾಳಿ ಕುಬಸಾ, ಇವತ್ತ ಅಪಶಕುನಾ..."

ನಾನು ಅಡುಗೆಮನೆಗೆ ಹೋಗಿ ಮೊಳೆಯಿಂದ ನಾಲ್ಕೂ ಕ್ಯಾಲೆಂಡರ್ ಕಿತ್ತು ತಂದೆ. ಮೊಳೆಯ ಸುತ್ತಲಿನ ಮಣ್ಣು ಉದುರಿತು. ಪಟ್ಟಿಯನ್ನು ತೆಗೆದು ಮೈದುನನ ಕೈಯಲ್ಲಿಟ್ಟೆ. ಹಾಳೆಯ ಹಿಂದಿನ ಬರಹವನ್ನು ಗಟ್ಟಿಯಾಗಿ ಓದಿದೆ. ಮುಟ್ಟು ನಿಲ್ಲಬಹುದು, ಹಾಲು ಬರಬಹುದು, ಗುಳಿಗೆ ನಿಲ್ಲಿಸಬಾರದು, ತಿಳಿಸಬೇಕು.

ಮೈದುನ ಪಟ್ಟಿ ನೋಡಿದ. "ಇದನ್ನ ಯಾವಾಗ ನೋಡಿದ್ರಿ ವೈನಿ?"

"ಹೋದ ವಾರದ ಸ್ವಾಮಾರ."

ಅತ್ತೆ ಬೆರಳು ಮಡಿಚಿದರು. ಚುಕ್ಕಿ ಎಣಿಸುವ ಅದೇ ಬೆರಳು. "ಇವತ್ತಿಗಿ ಹನ್ನೊಂದ ದಿನಾ. ಹನ್ನೊಂದ ದಿನಾ ಇಟಗೊಂಡ ಕುಂತಿದ್ದೆ?"

"ಹೌದ್ರಿ."

"ಯಾಕ?"

ಬಳೆಗಾರತಿ ಕೂಡ ನನ್ನ ಬಾಯಿ ನೋಡುತ್ತಿದ್ದಳು. ನೀವೇ ಬೈದಿರಿ, ಅದಕ್ಕೇ ಹೇಳಲಿಲ್ಲ ಎನ್ನಬಹುದಿತ್ತು. "ನೀವು ಅಂದಿದ್ದ ಖರೇ ಇತ್ರಿ," ಎಂದೆ. "ಹೊಟ್ಟಿ ಉರದಿತ್ತು."

ಅತ್ತೆ ನನ್ನ ಕಡೆ ಬೆನ್ನು ಮಾಡಿ ನೆಗೆಣ್ಣಿಯ ತೋಳಿನ ಗೀರುಗಳನ್ನು ಸೆರಗಿನಿಂದ ಒರೆಸತೊಡಗಿದರು. ಬೈದಿದ್ದರೆ ಹಗುರಾಗುತ್ತಿತ್ತು. ಮೈದುನ ಆಗಲೇ ಫೋನಿನಲ್ಲಿ ಗಾಡಿ ಕರೆಯುತ್ತಿದ್ದ. ಬಳೆಗಾರತಿ ಸಪ್ಪಳವಾಗದಂತೆ ಬಳೆ ಕಟ್ಟಿಕೊಂಡಳು.

ಅಥಣಿಯಲ್ಲಿ ಡಾಕ್ಟರಮ್ಮ ಅವಳನ್ನು ಒಳಗೆ ಮಲಗಿಸಿ ಇಂಜೆಕ್ಷನ್ ಕೊಟ್ಟರು. ರಕ್ತ ತೆಗೆದುಕೊಂಡರು. ಬಸಿರಿರಲಿಲ್ಲ. ಮೈದುನ ಕುರ್ಚಿಯ ಮೇಲೆ ಬಗ್ಗಿ ಕೂತು ಕೇಳಿದ, "ಮತ್ತ ಹಾಲು ಹೆಂಗ್ರಿ?"

"ನಿಮ್ಮ ಮನ್ಯಾಗ ಎಮ್ಮಿ ಅದಾವಲ್ಲ? ಹಿಂಡೂ ತನಕಾ ಕರು ಕುಡೀಬಾರದಂತ ಏನ ಮಾಡತೀರಿ?"

"ಹಗ್ಗಾ ಹಾಕಿ ಕಟ್ಟತೀವ್ರಿ."

"ಮೆದುಳಿನ ಬುಡದಾಗ ಕಡಲಿಕಾಳಿನಷ್ಟ ಒಂದು ಗ್ರಂಥಿ ಐತಿ. ಹಾಲು ಬಿಡು ಅಂತ ಎದಿಗಿ ಹೇಳೂ ಹಾರ್ಮೋನು ಅಲ್ಲಿಂದ ಬರತೈತಿ, ಅದರ ಹೆಸರು ಪ್ರೊಲ್ಯಾಕ್ಟಿನ್. ಅದು ಕರು ಇದ್ದಂಗ. ಅದನ್ನ ಕಟ್ಟಿ ಇಡೂ ಹಗ್ಗಾ ಡೋಪಮಿನ್. ಇನ್ನ ಮೆದುಳಿನ ಬ್ಯಾರೆ ಕಡೆ ಅದ ಡೋಪಮಿನ್ ಕೆಲಸಾ ಅತಿ ಆಗಿ ಇಕಿಗಿ ಇಲ್ಲದ ದನಿ ಕೇಳಸತಿತ್ತು. ಅಲ್ಲಿ ಬಿಗಿ ಸಡಲಲಿ ಅಂತ ನಾನು ಗುಳಿಗಿ ಕೊಟ್ಟೆ. ಗುಳಿಗಿಗೆ ಕಣ್ಣಿಲ್ಲ. ದನಿಯ ಹಗ್ಗಾನೂ ಸಡಲ ಮಾಡತು, ಕರುವಿನ ಹಗ್ಗಾನೂ ಸಡಲ ಮಾಡತು. ಕರು ಬಿಚಗೊಂಡು ಹಾಲು ಬಂತು. ಆ ಪ್ರೊಲ್ಯಾಕ್ಟಿನ್ ಏರಿದ್ರ ಮುಟ್ಟೂ ನಿಂದರತೈತಿ. ಹೊಟ್ಯಾಗ ಕೂಸು ಬೇಕಂತೇನಿಲ್ಲ."

ಬೇರೆ ಗುಳಿಗೆಗಳಿವೆ, ನಿಧಾನಕ್ಕೆ ಬದಲಾಯಿಸೋಣ, ಎಂದರು. ನಾನು ಸೀರೆಯ ಗಂಟಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ ಕ್ಯಾಲೆಂಡರುಗಳನ್ನು ಕೇಳಿ ತೆಗೆದುಕೊಂಡರು. ಹಾಳೆ ತಿರುವುತ್ತ ಹೋದರು.

"ಈ 'ಮಾ' ಏನ್ರಿ?"

"ಅಕಿ ತಾನ ಮಾತಾಡಿದ ದಿನಾ ರೀ. ಸುತ್ತ ಹಾಕಿದ ಚುಕ್ಕಿ ಅಕಿ ಮುಟ್ಟಿಂದು."

ಪೆನ್ನಿನ ತುದಿಯಿಂದ ಎಣಿಸಿದರು. "ನೋಡ್ರಿಲ್ಲಿ. ಮೊದಲಿನ ವರ್ಷಗಳಾಗ ಈ ಗುರುತೆಲ್ಲಾ ಅಕಿ ಚುಕ್ಕಿಕಿಂತ ಮೂರ್ನಾಕ ದಿನಾ ಮುಂಚೆ ಬೀಳತಾವು. ಹೆಣ್ಣಮಕ್ಕಳ ಹಾರ್ಮೋನು ಈಸ್ಟ್ರೋಜನ್ ಮೆದುಳಿಗೂ ಒಂದ ಆಸರಾ. ಮುಟ್ಟಿನ ಮುಂಚೆ ಅದು ಇಳೀತೈತಿ, ಆಗ ಕೆಲವರಿಗಿ ತ್ರಾಸ ಹೆಚ್ಚಾಗತೈತಿ. ಇದನ್ನ ಯಾರ ಬರದಾರ?"

"ನಾನ್ರಿ."

"ಇಷ್ಟ ಚಂದ ಯಾರೂ ತಂದು ತೋರಸಿಲ್ಲ ನನಗ." ನನ್ನ ಮುಖ ಬಿಸಿಯಾಯಿತು. ಹನ್ನೊಂದು ದಿನದ ಮಾತು ಅವರಿಗೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಹೊಗಳಿದ್ದನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಸುತ್ತಿಲ್ಲದ ಚುಕ್ಕಿಯ ಮೇಲೆ ಪೆನ್ನಿಟ್ಟು, "ಇದು ನಿಮ್ಮದೇನು? ನಿಂತೈತಲ್ಲ. ನಿಮಗ ನಿದ್ದಿ ಬರತೈತೇನು?" ಎಂದರು.

ಬರುತ್ತಿರಲಿಲ್ಲ. ಮೈಯೆಲ್ಲ ಒಮ್ಮೆಲೇ ಬಿಸಿಯೇರಿ ಬೆವರುತ್ತಿತ್ತು. ಯಾರೂ ಕೇಳಿರಲಿಲ್ಲವಾದ್ದರಿಂದ ಯಾರಿಗೂ ಹೇಳಿರಲಿಲ್ಲ. "ನಂದ ಬಿಡ್ರಿ," ಎನ್ನಲು ಹೋದೆ, ಪೂರ್ತಿ ಆಗಲಿಲ್ಲ. ಅತ್ತುಬಿಟ್ಟೆ. ಮೈದುನ ಎದ್ದು ಹೊರಗೆ ಹೋಗಿ ನಿಂತ.

ಹದಿನೈದು ದಿನ ಅವಳು ಅಲ್ಲೇ ಇದ್ದಳು. ಹಸಿರು ಸೀರೆ ಅತ್ತೆಯ ಪೆಟ್ಟಿಗೆ ಸೇರಿತು. ಊರಲ್ಲಿ ಏನು ಹೇಳಿದರೋ ಗೊತ್ತಿಲ್ಲ, ಕಳ್ಳ ಕುಬಸವಾದ್ದರಿಂದ ಗೊತ್ತಿದ್ದವರೇ ನಾಲ್ಕಾರು ಜನ. ಮನೆಗೆ ಬಂದ ಮೇಲೆ ಗುಳಿಗೆಯ ಡಬ್ಬಿ ನನ್ನ ಕೈಗೆ ಬರಲಿಲ್ಲ. ಮೈದುನ ತನ್ನ ಕೋಣೆಯಲ್ಲಿ ಇಟ್ಟುಕೊಂಡು ತಾನೇ ಕೊಡುತ್ತಿದ್ದ. ಡಬ್ಬಿ ಇದ್ದ ಗೂಡಿನಲ್ಲಿ ಉಪ್ಪಿನಕಾಯಿ ಜಾಡಿಯೊಂದೇ ಉಳಿಯಿತು. ಎಂಟಾಣೆ ತೂಕದ ಆ ಡಬ್ಬಿಗೂ ನಾನು ಹೊಟ್ಟೆಕಿಚ್ಚು ಪಟ್ಟೆ.

ಹಾಲು ನಿಧಾನಕ್ಕೆ ಬತ್ತಿತು. ಯುಗಾದಿ ಮುಗಿದ ಮೇಲೆ ಒಂದು ಮುಂಜಾನೆ ನೆಗೆಣ್ಣಿ ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು, "ಅಕ್ಕಾ, ಚುಕ್ಕಿ ಹಾಕು," ಎಂದಳು. ಹಾಕಿದೆ. ಸುತ್ತು ಹಾಕುವಾಗ ಪೆನ್ನು ಎರಡು ಸಲ ಸುತ್ತಿತು. ಅದರ ಪಕ್ಕ ನನ್ನ ಜಾಗ ಖಾಲಿಯೇ ಇತ್ತು, ಇನ್ನು ಖಾಲಿಯೇ ಇರುತ್ತದೆ.

ನಾಲ್ಕನೆಯ ದಿನ ತಲೆ ಎರೆದುಕೊಂಡು ಒಳಗೆ ಬಂದಳು. ಒಂದು ಕೈಯಲ್ಲಿ ಗುಳಿಗೆಯ ಡಬ್ಬಿ.

"ನೀನ ಕೊಡು ಅಕ್ಕಾ. ಅವರಿಗಿ ಹೊತ್ತಿನ ಖಬರಿರಂಗಿಲ್ಲ. ನಿನ್ನೆ ಚಾ ಕುಡದ ಮ್ಯಾಲ ಕೊಟ್ಟರು, ಮೊನ್ನೆ ಎರಡ ಸಲಾ ಕೊಡಾಕ ಬಂದ್ರು."

"ಅತ್ತಿಗಿ ಕೇಳಿದ್ದೀ?"

"ಅವರ ಕಳಸ್ಯಾರ. 'ಕೊಡಲಿ, ಆದ್ರ ನನ್ನ ಕಣ್ಣ ಮುಂದ ಕೊಡಲಿ' ಅಂದ್ರು."

ಅತ್ತೆ ಬಾಗಿಲಲ್ಲಿ ಬಂದು ಕೂತರು, ಎಲೆ ಅಡಿಕೆಯ ಚಂಚಿ ಬಿಚ್ಚಿಕೊಂಡು, ನಮ್ಮ ಕಡೆ ನೋಡದವರ ಹಾಗೆ. ನಾನು ಗುಳಿಗೆ ಬಿಡಿಸಿ ಅವಳ ಅಂಗೈಯಲ್ಲಿಟ್ಟೆ. ನುಂಗಿ, ನಾಲಗೆ ಎತ್ತಿ ತೋರಿಸಿದಳು.

"ಅವತ್ತ ಕಬ್ಬಿನ್ಯಾಗ..." ಎಂದಳು, ಮೆಲ್ಲಗೆ. "ಅಲ್ಲಿ ಏನೂ ಇದ್ದಿದ್ದಿಲ್ಲ, ಅಲ್ಲೇನು?"

"ಇದ್ದಿದ್ದಿಲ್ಲವಾ."

"ಆದ್ರೂ ನೀ ಮನಿ ತನಕಾ ಕೈ ಬಿಡಲಿಲ್ಲ."

ಆಗ ನನ್ನೊಳಗೆ ಏನಿತ್ತು ಎಂದು ಅವಳಿಗೆ ಹೇಳಿಲ್ಲ. ಪಡಸಾಲೆಯಿಂದ ಮೈದುನ ಕೂಗಿದ, ಬಾಚಣಿಗೆ ಎಲ್ಲಿ ಎಂದು. ಅವಳು ಒದ್ದೆ ಕೂದಲು ಕೊಡವುತ್ತ ಹೋದಳು. ನಾನು ಡಬ್ಬಿಯನ್ನು ಗೂಡಿನಲ್ಲಿಟ್ಟೆ, ಈ ಸಲ ಜಾಡಿಯ ಮುಂದೆ, ಅತ್ತೆಗೆ ಕಾಣುವ ಹಾಗೆ. ಆಮೇಲೆ ಒಲೆ ಹಚ್ಚಿ ರೊಟ್ಟಿ ಬಡಿಯತೊಡಗಿದೆ, ಬಾಚಣಿಗೆಯ ಸಪ್ಪಳಕ್ಕಿಂತ ಒಂದಿಷ್ಟು ಜೋರಾಗಿ.